ಪರವಾನಿಗೆಯ ಶುಲ್ಕ ಮತ್ತು ವ್ರತದ ಬೆಲೆ

ಯಾವುದೇ ಪದಾರ್ಥದ ಬೆಲೆಯನ್ನು ವಿಚಾರಿಸುವಾಗ ವ್ಯವಹಾರ ಬಲ್ಲವನು ಎರಡು ಪ್ರಶ್ನೆಗಳನ್ನು ಕೇಳುತ್ತಾನೆ. ಬೆಲೆ ಎಷ್ಟು ಎಂಬುದು ಮೊದಲನೆಯದು; ಅದನ್ನು ಕೊನೆಗೆ ತೆರುವವರು ಯಾರು ಎಂಬುದು ಎರಡನೆಯದು. ಬೇಟೆಗೂ ಮೀನುಗಾರಿಕೆಗೂ ಸರಕಾರಗಳು ವಿಧಿಸುತ್ತ ಬಂದಿರುವ ಪರವಾನಿಗೆ ಶುಲ್ಕದ ವಿಷಯದಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುತ್ತದೆ. ಅದು ರಾಜ್ಯಪತ್ರದಲ್ಲಿ ಅಚ್ಚಾಗಿರುತ್ತದೆ. ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸೀಮೆಯಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಿದೆ, ಮೀನಿಗಾಗಿ ಗುತ್ತಿಗೆಗೆ ಹೋಗುವ ಕೆರೆಗಳಿವೆ, ಜೀವದಯೆಗೆಂದು ಹಣ ತೆಗೆದಿಡುವ ಶ್ರಾವಕ ಕುಟುಂಬಗಳೂ ಇವೆ. ಆದುದರಿಂದ ಆ ಎರಡನೆಯ ಪ್ರಶ್ನೆಯನ್ನು ಈ ನೆಲದ ಉದಾಹರಣೆಗಳಿಂದಲೇ ಪರಿಶೀಲಿಸುವುದು ಉಚಿತವಾಗಿದೆ.

ಇಂದಿನ ಹಾವೇರಿ ಜಿಲ್ಲೆಯು 1997ರ ವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಧಾರವಾಡವು 1956ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದಲ್ಲಿ 1951ರಲ್ಲಿ ಕಾಡುಪ್ರಾಣಿ ಮತ್ತು ಕಾಡುಪಕ್ಷಿಗಳ ಸಂರಕ್ಷಣೆಗಾಗಿ ಪ್ರತ್ಯೇಕ ಕಾಯದೆಯೊಂದು ಆಯಿತು. ಅದು ಬೇಟೆಯನ್ನು ನಿಲ್ಲಿಸಲಿಲ್ಲ. ಪರವಾನಿಗೆಯ ಕಟ್ಟಿಗೆ ಒಳಪಡಿಸಿತು. 1972ರಲ್ಲಿ ಬಂದ ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯದೆಯೂ ಮೊದಲು ಇದೇ ದಾರಿಯನ್ನು ಹಿಡಿಯಿತು. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ, ಬಲೆ ಉರುಲುಗಳಿಂದ ಸೆರೆಹಿಡಿಯುವುದು ಎಂದು ನಾಲ್ಕು ಬಗೆಯ ಪರವಾನಿಗೆಗಳಿಗೆ ಅದರಲ್ಲಿ ಅವಕಾಶವಿತ್ತು. 1991ರ ತಿದ್ದುಪಡಿಯು ಈ ಪರವಾನಿಗೆಗಳನ್ನು ತೆಗೆದುಹಾಕಿತು. ಇಂದು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಅನುಸೂಚಿತ ಪ್ರಾಣಿಯನ್ನು ಕೊಲ್ಲುವಂತಿಲ್ಲ. ಆ ಅನುಮತಿಯೂ ಮನುಷ್ಯರ ಪ್ರಾಣಕ್ಕೆ ಅಪಾಯ ಒದಗುವುದೇ ಮೊದಲಾದ ಸಂದರ್ಭಗಳಿಗೆ ಸೀಮಿತವಾಗಿದೆ. ಕೃಷ್ಣಮೃಗವನ್ನು ಕೊಂದವನಿಗೆ 3ರಿಂದ 7 ವರ್ಷಗಳ ಸೆರೆಮನೆ. 2022ರ ತಿದ್ದುಪಡಿಯ ಅನಂತರ ಕನಿಷ್ಠ 25,000 ರೂಪಾಯಿ ದಂಡ.

ಸುಮಾರು ನಾಲ್ಕು ದಶಕಗಳ ಅವಧಿಯಲ್ಲಿ ಕಾಯದೆಯು ಶುಲ್ಕದಿಂದ ನಿಷೇಧಕ್ಕೆ ನಡೆದು ಬಂದಿತೆಂಬುದು ಸಂತೋಷದ ಸಂಗತಿ. ಆದರೆ ಈ ನಡಿಗೆಯ ಕಾರಣವನ್ನು ತಪ್ಪಾಗಿ ತಿಳಿಯಬಾರದು. ಕಾಯದೆಯು ಪ್ರಾಣಿಯನ್ನು ಅಳೆಯುವುದು ಅದರ ವಿರಳತೆಯಿಂದ. ಸಂಖ್ಯೆ ಕುಗ್ಗಿದಂತೆ ಬೆಲೆ ಏರುತ್ತದೆ. ಸಂಖ್ಯೆ ಹೆಚ್ಚಿದಂತೆ ಇಳಿಯುತ್ತದೆ. ಬಿಹಾರದ ಹಲವು ಜಿಲ್ಲೆಗಳಲ್ಲಿ ನೀಲಗಾಯಿಯನ್ನೂ ಕಾಡುಹಂದಿಯನ್ನೂ 2015ರಲ್ಲಿ ಕೇಂದ್ರ ಸರಕಾರವು ಒಂದು ವರ್ಷದ ಮಟ್ಟಿಗೆ ಉಪದ್ರವಕಾರಿ ಪ್ರಾಣಿಗಳೆಂದು ಘೋಷಿಸಿದಾಗ, ಆ ಅವಧಿಗೆ ಅವುಗಳ ಪ್ರಾಣಕ್ಕೆ ಶುಲ್ಕವೂ ಉಳಿಯಲಿಲ್ಲ, ದಂಡವೂ ಉಳಿಯಲಿಲ್ಲ. ಜೈನಾಗಮವು ಪ್ರಾಣಿಯನ್ನು ಅಳೆಯುವುದು ಇಂದ್ರಿಯಗಳಿಂದ. ಆ ಅಳತೆಯಲ್ಲಿ ಹುಣಸಿಕಟ್ಟಿಯ ಕಾವಲಿನಲ್ಲಿ ನೆಗೆಯುವ ಕೃಷ್ಣಮೃಗವೂ ಹೆಗ್ಗೇರಿ ಕೆರೆಯಲ್ಲಿ ಈಜುವ ಮೀನೂ ಪಂಚೇಂದ್ರಿಯ ಜೀವಗಳೇ. ಒಂದರ ವಧೆಗೆ 7 ವರ್ಷಗಳ ವರೆಗೆ ಸೆರೆಮನೆ, ಇನ್ನೊಂದರ ವಧೆಗೆ ಗುತ್ತಿಗೆಯ ಕರಾರುಪತ್ರ. ಇದು ಕಾಯದೆಯ ದೋಷವೆಂದು ಹೇಳುವುದಕ್ಕಿಲ್ಲ. ಕಾಯದೆಯ ಉದ್ದೇಶವೇ ಬೇರೆ. ಕಾಯದೆಯ ದರಪಟ್ಟಿಯನ್ನು ಧರ್ಮದ ದರಪಟ್ಟಿಯೆಂದು ಓದುವುದು ಓದುವವನ ದೋಷ.

ಮೀನಿನ ವಿಷಯದಲ್ಲಿ ಪರವಾನಿಗೆಯ ಪದ್ಧತಿಯು ಇಂದಿಗೂ ನಡೆದಿದೆ. 1897ರ ಭಾರತೀಯ ಮೀನುಗಾರಿಕೆ ಕಾಯದೆಯು ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ನಿಷೇಧಿಸಿತ್ತು. ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಪ್ರತ್ಯೇಕ ಕಾಯದೆಯಿದೆ. ಕೆರೆಗಳನ್ನು ಗುತ್ತಿಗೆಗೆ ಕೊಡುವುದು, ನದಿಗಳಲ್ಲಿ ಮೀನು ಹಿಡಿಯಲು ಲೈಸೆನ್ಸು ಕೊಡುವುದು, ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ನೀಡುವುದು ಇದರ ಸ್ಥೂಲ ಸ್ವರೂಪ. ತುಂಗಭದ್ರೆ, ವರದೆ, ಕುಮುದ್ವತಿಯರು ಹರಿಯುವ ಈ ಜಿಲ್ಲೆಯಲ್ಲಿ ಅಂಬಿಗರು, ಗಂಗಾಮತಸ್ಥರು ತಲೆಮಾರುಗಳಿಂದ ಈ ವೃತ್ತಿಯಲ್ಲಿ ಇದ್ದಾರೆ.

ಇಲ್ಲಿ ಬಳಕೆಯಾಗುವ ಭಾಷೆಯನ್ನು ಸ್ವಲ್ಪ ಗಮನಿಸಬೇಕು. ಕೆರೆಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುವುದಕ್ಕೆ ‘ಬಿತ್ತನೆ’ ಎಂದೂ, ಸಾಕುವುದಕ್ಕೆ ‘ಕೃಷಿ’ ಎಂದೂ, ಬಲೆಗೆ ಬಿದ್ದ ಜೀವಗಳ ತೂಕಕ್ಕೆ ‘ಇಳುವರಿ’ ಎಂದೂ ಹೆಸರು. ಒಕ್ಕಲುತನದ ಮಾತುಗಳನ್ನು ತಂದು ಬಲೆಯ ಮೇಲೆ ಹೊದಿಸಿದ ಮೇಲೆ ಕೊಲೆಯೆಂಬ ಮಾತು ಕಡತದಲ್ಲಿ ಎಲ್ಲಿಯೂ ಬರುವುದಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಒಕ್ಕಲಿಗನನ್ನೂ ಬೆಸ್ತನನ್ನೂ ಬೇರ್ಪಡಿಸಿ ತೋರಿಸಿರುವುದು ಇಲ್ಲಿ ನೆನಪಿಗೆ ಬರುತ್ತದೆ. ನೇಗಿಲ ಕೆಳಗೆ ಎಷ್ಟೋ ಜೀವಗಳು ಸತ್ತರೂ ಒಕ್ಕಲಿಗನ ಸಂಕಲ್ಪ ಧಾನ್ಯದ ಮೇಲಿರುತ್ತದೆ. ಬಲೆಗೆ ಒಂದು ಮೀನೂ ಬೀಳದ ದಿನವೂ ಬೆಸ್ತನ ಸಂಕಲ್ಪ ಪ್ರಾಣದ ಮೇಲಿರುತ್ತದೆ. ಆರಂಭೀ ಹಿಂಸೆಗೂ ಸಂಕಲ್ಪೀ ಹಿಂಸೆಗೂ ಇರುವ ಅಂತರ ಇದು. ಹೆಸರು ಬದಲಾಯಿಸಿದ ಮಾತ್ರಕ್ಕೆ ಸಂಕಲ್ಪ ಬದಲಾಗದು.

ಈ ಭೇದವನ್ನು ತಿಳಿದ ಶ್ರಾವಕನು ಬೆಸ್ತನನ್ನು ಹೀನಾಯವಾಗಿ ಕಾಣುವುದಕ್ಕೆ ಅದನ್ನು ಬಳಸುವುದಾದರೆ ಅವನು ಗ್ರಂಥವನ್ನು ಅರ್ಧವೇ ಓದಿದಂತಾಯಿತು. ಹಿಂಸೆಯು ಬಲೆ ಬೀಸಿದ ಕೈಯಲ್ಲಿ ಮುಗಿಯುವುದಿಲ್ಲವೆಂದು ಅದೇ ಶಾಸ್ತ್ರಗಳು ಹೇಳುತ್ತವೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು, ಮನ, ವಚನ, ಕಾಯ ಎಂಬ ಮೂರರಿಂದ, ಕೃತ, ಕಾರಿತ, ಅನುಮತ ಎಂಬ ಮೂರರಿಂದ, ಕಷಾಯಗಳು ನಾಲ್ಕರಿಂದ ಗುಣಿಸುತ್ತದೆ, ಒಟ್ಟು 108. ಸರಕಾರದ ವಹಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಕರ್ಮಕ್ಕೆ ಶಾಸ್ತ್ರದ ವಹಿಯಲ್ಲಿ 108 ಕಲಮುಗಳಿವೆ. ಅಕಲಂಕದೇವರು ರಾಜವಾರ್ತಿಕದಲ್ಲಿ ಅನರ್ಥದಂಡವನ್ನು ವಿವರಿಸುತ್ತ, ಬಲೆಗಾರರಿಗೂ ಹಕ್ಕಿ ಹಿಡಿಯುವವರಿಗೂ ಇಂಥ ಪ್ರದೇಶದಲ್ಲಿ ಮೃಗಗಳಿವೆ, ಪಕ್ಷಿಗಳಿವೆ ಎಂದು ತಿಳಿಸುವುದನ್ನೇ ವಧಕೋಪದೇಶವೆಂಬ ದೋಷವಾಗಿ ಎಣಿಸಿದ್ದಾರೆ. ಬಾಯಿಮಾತಿನ ಸುಳುಹು ಕೊಟ್ಟವನೇ ಪಾಲುದಾರನಾದರೆ, ಹಣ ಕೊಟ್ಟವನ ಪಾಲು ಎಷ್ಟಾದೀತು?

ಕೆರೆಯ ಗುತ್ತಿಗೆಯನ್ನು ಈ ದೃಷ್ಟಿಯಿಂದ ನೋಡಬೇಕು. ಲಿಲಾವಿನಲ್ಲಿ ಸವಾಲು ಕೂಗುವವನಿಗೆ ಮುಂಗಡ ಹಣ ಬೇಕು. ಅದನ್ನು ಅವನು ಸಾಲವಾಗಿ ತರುತ್ತಾನೆ. ಸಾಲಕ್ಕೆ ಜಾಮೀನುದಾರನು ಬೇಕು. ಸವಾಲು ಏರಿದಷ್ಟೂ ಅವನು ಹೆಚ್ಚು ಮೀನು ತೆಗೆಯಲೇಬೇಕು. ಬಲೆಯ ಕಣ್ಣು ಸಣ್ಣದಾಗುತ್ತದೆ, ನೀರಿಗೆ ಇಳಿದವನ ಕೂಲಿಯೂ ಸಣ್ಣದಾಗುತ್ತದೆ. ಕೊನೆಗೆ ಆ ಶುಲ್ಕವನ್ನು ತೆತ್ತವರು ಯಾರು? ಕಾಗದದ ಮೇಲೆ ಗುತ್ತಿಗೆದಾರ. ವಸ್ತುತಃ ಮೀನು ಮತ್ತು ಮೀನುಗಾರ. ದಂಡೆಯ ಮೇಲೆ ಕಾಲು ಒದ್ದೆಯಾಗದಂತೆ ನಿಂತು ಬಡ್ಡಿ ಎಣಿಸಿಕೊಂಡವನು ಮಾತ್ರ ಏನನ್ನೂ ತೆರುವುದಿಲ್ಲ. ಅವನ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುತ್ತಿರಬಹುದು, ನೀರು ಸೋಸಿ ಕುಡಿಯುತ್ತಿರಬಹುದು. ಆದರೂ ಕಾರಿತ ಮತ್ತು ಅನುಮತಗಳ ಕಲಮುಗಳಲ್ಲಿ ಅವನ ಹೆಸರು ಬರೆದೇ ಇರುತ್ತದೆ. ಗೃಹಸ್ಥನ ಗುಣಗಳಲ್ಲಿ ನ್ಯಾಯದಿಂದ ಗಳಿಸಿದ ಧನವನ್ನು ಆಶಾಧರರು ಮೊದಲಿಗೆ ಇಟ್ಟಿರುವುದು ನಿಷ್ಕಾರಣವಾಗಿ ಅಲ್ಲ.

ಪರವಾನಿಗೆ ಶುಲ್ಕದ ಪರವಾಗಿ ಇರುವ ಅತ್ಯಂತ ಬಲವಾದ ವಾದವನ್ನೂ ಇಲ್ಲಿ ಕೇಳಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1934ರಿಂದ ಬಾತುಕೋಳಿಯ ಬೇಟೆಗಾರರು ಕೇಂದ್ರ ಸರಕಾರದ ಮುದ್ರೆಚೀಟಿಯೊಂದನ್ನು ಕೊಳ್ಳಬೇಕಾಗಿದೆ. ಆ ಹಣದಿಂದ ಜೌಗುಭೂಮಿಗಳನ್ನು ಕೊಂಡು ಪಕ್ಷಿಗಳಿಗೆ ಕಾದಿರಿಸುತ್ತಾರೆ. 2014ರಲ್ಲಿ ನಮೀಬಿಯಾ ದೇಶದ ಒಂದು ಕಪ್ಪು ಘೇಂಡಾಮೃಗವನ್ನು ಬೇಟೆಯಾಡುವ ಹಕ್ಕು ಅಮೆರಿಕದ ಹರಾಜಿನಲ್ಲಿ 3,50,000 ಡಾಲರಿಗೆ ಹೋಯಿತು. ಆ ಹಣ ಉಳಿದ ಘೇಂಡಾಮೃಗಗಳ ರಕ್ಷಣೆಗೆಂದು ಹೇಳಲಾಯಿತು. ಒಂದರ ಸಾವಿನಿಂದ ನೂರರ ಬದುಕು ಎಂಬುದು ಈ ವಾದದ ಸಾರ.

ಈ ವಾದವನ್ನು ನಗೆಯಾಡಿ ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಜೌಗುಭೂಮಿ ಉಳಿದದ್ದು ಸತ್ಯ. ಅಲ್ಲಿ ಪಕ್ಷಿಗಳು ಮರಿ ಮಾಡುವುದೂ ಸತ್ಯ. ಆದರೆ ಶ್ರಾವಕನ ಲೆಕ್ಕದಲ್ಲಿ ಜಮೆಯ ಕಲಮು ಖರ್ಚಿನ ಕಲಮನ್ನು ಅಳಿಸುವುದಿಲ್ಲ. ಕದ್ದ ಹಣದಿಂದ ಅನ್ನಛತ್ರ ನಡೆಸಿದರೆ ಉಂಡವರ ಹಸಿವು ಹಿಂಗುತ್ತದೆ, ಕಳವು ಕಳವಾಗಿಯೇ ಉಳಿಯುತ್ತದೆ. ಸತ್ತ ಘೇಂಡಾಮೃಗಕ್ಕೆ ಉಳಿದವುಗಳ ಬದುಕು ಪರಿಹಾರವಲ್ಲ. ಅದರ ಪ್ರಾಣ ಅದಕ್ಕೆ ಒಂದೇ. ಇನ್ನೊಂದು ಬಗೆಯನ್ನೂ ನೋಡಬಹುದು. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಂದೆ ಹಣ ತೆತ್ತು ಮಹಸೀರ್ ಮೀನನ್ನು ಗಾಳಕ್ಕೆ ಸಿಕ್ಕಿಸಿ, ಮೇಲಕ್ಕೆಳೆದು, ಮತ್ತೆ ನೀರಿಗೆ ಬಿಡುವ ವಿನೋದವಿತ್ತು. ಸಾವಿಲ್ಲದ ಮೇಲೆ ಹಿಂಸೆ ಎಲ್ಲಿಯದು ಎಂದು ಕೇಳಬಹುದು. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯನ್ನು ಓದಿದ ಕನ್ನಡಿಗನು ಈ ಪ್ರಶ್ನೆಗೆ ಉತ್ತರಕ್ಕಾಗಿ ತಡವರಿಸಬೇಕಾಗಿಲ್ಲ. ಅಲ್ಲಿ ಕತ್ತಿಗೆ ಸಿಕ್ಕಿದ್ದು ಹಿಟ್ಟಿನ ಕೋಳಿ. ಅದರ ಬೆಲೆಯನ್ನು ಅರಸನೂ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೆತ್ತರು. ಅರಸನಿಗೆ ಅವುಗಳಲ್ಲಿ ಒಂದು ಜನ್ಮ ಮೀನಿನದು.

ಆದರೂ ಆ ಪರದೇಶದ ಬೇಟೆಗಾರನ ವಾದದಲ್ಲಿ ನಮ್ಮನ್ನು ಚುಚ್ಚಬೇಕಾದ ಒಂದು ಮುಳ್ಳಿದೆ. ತಾನು ಕೊಲ್ಲುವ ಪ್ರಾಣಿಯ ನೆಲೆಗಾಗಿ ಅವನು ಹಣವನ್ನಾದರೂ ತೆರುತ್ತಾನೆ. ಕೊಲ್ಲದವರು ಏನನ್ನು ತೆರುತ್ತಾರೆ?

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಘೋಷಿತವಾಯಿತು. ವಿಸ್ತೀರ್ಣ 119 ಚದರ ಕಿಲೋಮೀಟರು. ಹುಲ್ಲು, ಕುರುಚಲು ಬೆಳೆಯುತ್ತಿದ್ದ ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಯಿತು. ಹಿಂದೆ ಅಲ್ಲಿ ಕಾಣಿಸುತ್ತಿದ್ದ ಎರೆಭೂತ ಹಕ್ಕಿ ಈಗ ಕಾಣುವುದಿಲ್ಲ. ನೆಲೆ ಕಳೆಯುವುದಕ್ಕೆ ಯಾರೂ ಪರವಾನಿಗೆ ಪಡೆಯಬೇಕಾಗಿರಲಿಲ್ಲ. ಕೃಷ್ಣಮೃಗ ಉಳಿದಿದೆ. ಹಗಲು ಕಾವಲಿನಲ್ಲಿ, ಇರುಳು ಅಂಚಿನ ಹೊಲಗಳಲ್ಲಿ ಅದು ಮೇಯುತ್ತದೆ. ಎಳೆಯ ಪೈರು ಹೋದ ರೈತನು ಕೋವಿ ಎತ್ತುವಂತಿಲ್ಲ, ಎತ್ತಲೂಬಾರದು. ಹೀಗೆ ಕೃಷ್ಣಮೃಗದ ಅಭಯಕ್ಕೆ ಬೆಲೆ ತೆರುವವರಲ್ಲಿ ಅಂಚಿನ ಹಳ್ಳಿಯ ಸಣ್ಣ ಹಿಡುವಳಿದಾರನೇ ಮೊದಲಿಗನು. ಆ ಅಭಯವನ್ನು ಪರ್ಯೂಷಣದ ಉಪನ್ಯಾಸದಲ್ಲಿ ಕೊಂಡಾಡುವವರು ಮೂರು ಪೇಟೆಗಳ ವರ್ತಕರು. ಬಂಕಾಪುರದ ಕೋಟೆಯಲ್ಲಿ 2006ರಿಂದ ನವಿಲುಗಳಿಗೆ ಸಂರಕ್ಷಿತ ನೆಲೆಯಿದೆ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ.

ನಮ್ಮ ಜೀವದಯೆಯ ರೂಢಿಗಳಿಗೆ ಈ ಪ್ರಶ್ನೆಯನ್ನು ಅನ್ವಯಿಸಿದರೆ ಕೆಲವು ಕಹಿ ಸಂಗತಿಗಳು ಹೊರಬೀಳುತ್ತವೆ. ಬಲೆಗಾರನಿಂದ ಹಕ್ಕಿಗಳನ್ನೂ ಮೀನುಗಳನ್ನೂ ಕೊಂಡು ಬಿಡಿಸುವ ರೂಢಿಯಿದೆ. ಕೊಳ್ಳುವವನು ಖಚಿತವಾಗಿ ಬರುತ್ತಾನೆಂದು ತಿಳಿದ ಪೇಟೆಗೆ ಮಾಲು ಹೆಚ್ಚಾಗಿ ಬರುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಇದು ಮೆಣಸಿನಕಾಯಿಗೂ ನಿಜ, ಹಕ್ಕಿಗೂ ನಿಜ. ಬ್ಯಾಡಗಿಯ ಪೇಟೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ಗುತ್ತಿಗೆಯನ್ನೇ ಕೂಗಿ ಹಿಡಿದು, ಬಲೆ ಹಾಕಿಸದೆ ಬಿಟ್ಟರೆ ಮುಂದಿನ ಲಿಲಾವು ಆ ಏರಿದ ಸವಾಲಿನಿಂದಲೇ ಆರಂಭವಾಗುತ್ತದೆ. ಬಸದಿಯ ಸಮೀಪದ ಕೆರೆಯಲ್ಲಿ ಮೀನು ಹಿಡಿಯದಂತೆ ಪಂಚಾಯತಿಯಿಂದ ಠರಾವು ಮಾಡಿಸುವುದು ಮೂರನೆಯ ದಾರಿ. ಇದರಲ್ಲಿ ಮೀನು ಉಳಿಯುತ್ತದೆ ನಿಜ. ಆದರೆ ಅದರ ಬೆಲೆಯನ್ನು ತೆರುವುದು ಬಲೆ ಮಡಿಚಿ ಮನೆಗೆ ಹೋದ ಅಂಬಿಗನ ಮಕ್ಕಳು. ಅನ್ಯರ ಹೊಟ್ಟೆಯಿಂದ ಕೊಟ್ಟ ಅಭಯದಾನಕ್ಕೆ ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ಹೇಗೆ?

ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯಿದೆ. ಅವಂತಿ ದೇಶದ ಈ ಬೆಸ್ತನಿಗೆ ಮುನಿಗಳು ಬಲೆಯನ್ನು ಬಿಸಾಡೆಂದು ಹೇಳಲಿಲ್ಲ; ಮೊದಲು ಸಿಕ್ಕ ಮೀನನ್ನು ಬಿಟ್ಟುಬಿಡು ಎಂಬಷ್ಟೇ ವ್ರತವನ್ನು ಕೊಟ್ಟರು. ಅವನು ಮೊದಲ ಮೀನಿಗೆ ಬಟ್ಟೆಯ ಚೂರೊಂದನ್ನು ಗುರುತಾಗಿ ಕಟ್ಟಿ ನೀರಿಗೆ ಬಿಟ್ಟನು. ಬಲೆ ಬೀಸಿದಾಗಲೆಲ್ಲ ಅದೇ ಮೀನು ಬಂದಿತು. ಐದು ಸಲ ಬಂದಿತು, ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಬಂದವನಿಗೆ ಹೆಂಡತಿ ಬಾಗಿಲು ತೆರೆಯಲಿಲ್ಲ. ಹಸಿದು ಹೊರಗೆ ಮಲಗಿದವನು ಇರುಳು ಹಾವು ಕಚ್ಚಿ ಸತ್ತನು. ಮರುಜನ್ಮದಲ್ಲಿ ಧನಕೀರ್ತಿಯಾಗಿ ಹುಟ್ಟಿದ ಅವನು ಐದು ಸಲ ಆಪತ್ತಿನಿಂದ ಪಾರಾದನೆಂದು ಕಥೆ ಮುಂದುವರಿಯುತ್ತದೆ.

ಈ ಕಥೆಯನ್ನು ಸಾಮಾನ್ಯವಾಗಿ ಅಹಿಂಸೆಯ ಫಲವನ್ನು ತೋರಿಸುವುದಕ್ಕಾಗಿ ಹೇಳುತ್ತಾರೆ. ಫಲಕ್ಕಿಂತ ಮೊದಲು ಅದರ ಖರ್ಚನ್ನು ಓದಬೇಕು. ಮೃಗಸೇನನು ಉಳಿಸಿದ್ದು ಒಂದೇ ಮೀನನ್ನು. ಅದಕ್ಕೆ ಅವನು ತೆತ್ತದ್ದು ಆ ದಿನದ ಕೂಳು, ಮನೆಯ ನೆಮ್ಮದಿ, ಕೊನೆಗೆ ಪ್ರಾಣ. ಬೇರೆ ಯಾರಿಂದಲೂ ಅದನ್ನು ವಸೂಲು ಮಾಡಿಕೊಳ್ಳಲು ಅವನು ಯತ್ನಿಸಲಿಲ್ಲ. ಪರವಾನಿಗೆಗೂ ವ್ರತಕ್ಕೂ ಇರುವ ಅಂತರ ಇಲ್ಲಿ ನಿಚ್ಚಳವಾಗುತ್ತದೆ. ಪರವಾನಿಗೆಯ ಶುಲ್ಕವನ್ನು ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸಬಹುದು. ವ್ರತದ ಬೆಲೆಯನ್ನು ವ್ರತಿಯೇ ತೆರಬೇಕು. ದಾಟಿಸಿದ ಕ್ಷಣದಲ್ಲಿ ವ್ರತವೂ ಒಂದು ಬಗೆಯ ಪರವಾನಿಗೆಯೇ ಆಗುತ್ತದೆ.

ಅರಸನಾದವನು ಇದನ್ನು ಹೇಗೆ ಪಾಲಿಸಬೇಕೆಂಬುದಕ್ಕೆ ಹನ್ನೆರಡನೆಯ ಶತಮಾನದ ಗುಜರಾತಿನ ಕುಮಾರಪಾಲನು ನಿದರ್ಶನ. ಅವನು ಪ್ರಾಣಿವಧೆಯನ್ನು ನಿಷೇಧಿಸಿದಾಗ, ಆ ವೃತ್ತಿಯಿಂದ ಬದುಕುತ್ತಿದ್ದವರಿಗೆ ಮೂರು ವರ್ಷಗಳಿಗೆ ಸಾಲುವ ಧಾನ್ಯವನ್ನು ಕೊಡಿಸಿದನೆಂದು ಹೇಮಚಂದ್ರಾಚಾರ್ಯರ ದ್ವ್ಯಾಶ್ರಯ ಕಾವ್ಯದಿಂದ ತಿಳಿಯುತ್ತದೆ. ಅಮಾರಿ ಘೋಷಣೆಯನ್ನು ನೆನೆಯುವವರು ಈ ಧಾನ್ಯವನ್ನು ಮರೆಯುತ್ತಾರೆ. ಧಾನ್ಯವಿಲ್ಲದಿದ್ದರೆ ಆ ಘೋಷಣೆಯು ಬಡವನ ಮೇಲೆ ಹೊರಿಸಿದ ತೆರಿಗೆಯಾಗುತ್ತಿತ್ತು.

ಬಸದಿಗಳ ಟ್ರಸ್ಟುಗಳಿಗೂ ಕುಟುಂಬಗಳಿಗೂ ಇದರಿಂದ ಮೂರು ಕರ್ತವ್ಯಗಳು ಒದಗುತ್ತವೆ. ಕೆರೆ ಗುತ್ತಿಗೆಗೆ ಸಾಲ, ಮುಂಗಡ, ಜಾಮೀನುಗಳನ್ನು ಕೊಡದಿರುವುದು ಮತ್ತು ಅಂಥ ಆದಾಯದ ಕಾಣಿಕೆಯನ್ನು ವಿಚಾರಿಸದೆ ಸ್ವೀಕರಿಸದಿರುವುದು ಮೊದಲನೆಯದು. ಜೀವದಯಾ ನಿಧಿಯ ಒಂದು ಭಾಗವನ್ನು ಅಭಯಾರಣ್ಯದ ಅಂಚಿನ ರೈತರ ಬೆಳೆಹಾನಿಗೆ, ಸರಕಾರದ ಪರಿಹಾರಕ್ಕೆ ಪೂರಕವಾಗಿ, ಮೀಸಲಿಡುವುದು ಎರಡನೆಯದು. ಮೂರನೆಯದು ಚಾತುರ್ಮಾಸಕ್ಕೆ ಸಂಬಂಧಿಸಿದ್ದು. ಮಳೆಯ ಹೊಸನೀರು ಬರುವ ಆಷಾಢ ಶ್ರಾವಣಗಳಲ್ಲಿಯೇ ನಮ್ಮ ನದಿಗಳ ಮೀನುಗಳು ಮೊಟ್ಟೆಯಿಡುತ್ತವೆ. ಮುನಿಗಳು ಜೀವರಕ್ಷಣೆಗಾಗಿ ಒಂದೆಡೆ ನಿಲ್ಲುವುದೂ ಆ ದಿನಗಳಲ್ಲಿಯೇ. ಆ ಅವಧಿಯಲ್ಲಿ ಬಲೆಯನ್ನು ಸ್ವಸಂತೋಷದಿಂದ ಮಡಿಚಿಡಲು ಒಪ್ಪುವ ಮೀನುಗಾರ ಕುಟುಂಬಕ್ಕೆ ಆ ತಿಂಗಳುಗಳ ಧಾನ್ಯವನ್ನು ಒದಗಿಸುವುದು, ಅದನ್ನು ದಾನವೆಂದು ಕರೆಯದೆ ಅವರು ಬಿಟ್ಟುಕೊಟ್ಟ ದುಡಿಮೆಯ ಬೆಲೆಯೆಂದು ಕರೆಯುವುದು. ಹೀಗೆ ಮಾಡಿದಲ್ಲಿ ಮೀನಿಗೂ ಬಿಡುವು, ಮೀನುಗಾರನಿಗೂ ಊಟ. ಸವಾಲು ಏರುವುದಿಲ್ಲ, ಪೇಟೆ ಬೆಳೆಯುವುದಿಲ್ಲ. ಮೊಟ್ಟೆಯಿಡುವ ಕಾಲ ಕಳೆಯುವುದರಿಂದ ನದಿಯಲ್ಲಿ ಮೀನು ಹೆಚ್ಚಿ, ಮುಂದೆ ಬಲೆಗೂ ಹೆಚ್ಚು ಸಿಕ್ಕೀತು ಎಂಬ ಆಕ್ಷೇಪ ಉಂಟು. ಅದು ಸುಳ್ಳಲ್ಲ. ಮೃಗಸೇನನಿಗೆ ಮುನಿಗಳು ಕೊಟ್ಟ ವ್ರತವೂ ಪೂರ್ಣವಾಗಿರಲಿಲ್ಲ. ಅವನು ಹೊರಬಲ್ಲಷ್ಟು ಇತ್ತು. ಅಣುವ್ರತವೆಂಬ ಹೆಸರಿಗೆ ಅರ್ಥವೇ ಅದು.

ಟ್ರಸ್ಟುಗಳ ವಾರ್ಷಿಕ ಸಭೆಯಲ್ಲಿ ಜಮಾ ಖರ್ಚಿನ ತಃಖ್ತೆಯನ್ನು ಓದುವಾಗ ಜೀವದಯೆಯ ಹೆಸರಿನಲ್ಲಿ ಎಷ್ಟು ಹಣ ಖರ್ಚಾಯಿತೆಂದು ಕೇಳುವ ಪದ್ಧತಿ ಇದೆ. ಉಳಿದ ಜೀವಗಳ ಬೆಲೆಯನ್ನು ಆ ವರ್ಷ ಯಾರು ತೆತ್ತರೆಂಬುದನ್ನೂ ಅದೇ ಸಭೆಯಲ್ಲಿ ಕೇಳುವಂತಾಗಲಿ. ಆ ಉತ್ತರದಲ್ಲಿ ಹುಣಸಿಕಟ್ಟಿಯ ರೈತನ ಹೆಸರಾಗಲಿ ವರದೆಯ ದಂಡೆಯ ಅಂಬಿಗನ ಹೆಸರಾಗಲಿ ಬಂದರೆ, ಆ ಮೊತ್ತವು ಟ್ರಸ್ಟಿನ ತಲೆಯ ಮೇಲಿನ ಸಾಲವೆಂದು ತಿಳಿದು ಮುಂದಿನ ವರ್ಷದ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.